ಫೋಟೋ ಒಮ್ಮೆ ಕರ್ರಗ, ಒಮ್ಮೆ ಬೆಳ್ಳಗ ಬರಾಕತ್ತೈತೇನ್ರಿ? ಮೀಟರ್ ತಪ್ಪೋ, ಸೆಟ್ಟಿಂಗ್ ತಪ್ಪೋ ಹಿಂಗ ಹುಡುಕ್ರಿ

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಮದವಿ, ಸೀಮಂತ, ಜಾತ್ರಿ, ಪಕ್ಷಿ, ಗುಡಿ ಅಂತ ಕ್ಯಾಮೆರಾ ಹಿಡಕೊಂಡು ಅಡ್ಡಾಡೋ ಹುಡುಗೂರು ಈಗ ಊರಿಗೆ ನಾಕು ಮಂದಿ ಸಿಗತಾರ. ಅವರು ಹೆಚ್ಚು ಕೇಳೋದು ಇದೊಂದ: "ಅಣ್ಣಾ, ಮೀಟರ್ ಕೆಟ್ಟೈತೇನ ನೋಡು, ಎಕ್ಸ್‌ಪೋಜರ್ ಸರಿ ಬರವಲ್ದು." ಎಕ್ಸ್‌ಪೋಜರ್ ಅಂದ್ರ ಫೋಟೋಕ್ಕ ಸಿಗೋ ಬೆಳಕಿನ ಅಳತಿ, ಮೀಟರ್ ಅಂದ್ರ ಕ್ಯಾಮೆರಾ ಒಳಗ ಬೆಳಕು ಅಳಿಯೋ ಸಾಧನ. ಬಹುತೇಕ ಸಲ ಮೀಟರ್ ಗಟ್ಟಿನ ಇರತೈತಿ, ಅದು ಏನ್ ನೋಡಾಕತ್ತಿತ್ತು ಅನ್ನೋದನ್ನ ನಾವು ನೋಡಿರಂಗಿಲ್ಲ. ಅದಕ ರಿಪೇರಿಗೆ ರೊಕ್ಕ ಹಾಕೋಕ್ಕಿಂತ ಮೊದಲ ಒಂದರ್ಧ ತಾಸು ಮನ್ಯಾಗ ಕುಂತು ಇದನ್ನ ಮಾಡಿ ನೋಡ್ರಿ, ಪುಕ್ಕಟೆ ಆಗೋವು ಮೊದಲ ಅದಾವ, ರೊಕ್ಕ ಕೇಳೋವು ಕೊನಿಗೆ.

ಒಂದು ಮಾತು ತಲ್ಯಾಗ ಇಟಗೊಳ್ರಿ, ಮುಂದಿನ ಎಲ್ಲಾದಕ್ಕೂ ಅದ ಬೇರು. ಕ್ಯಾಮೆರಾ ಒಳಗಿನ ಮೀಟರ್ ವಸ್ತು ಮ್ಯಾಲೆ ಬಿದ್ದ ಬೆಳಕನ್ನ ಅಳಿಯಂಗಿಲ್ಲ, ವಸ್ತುವಿಗೆ ಬಡದು ವಾಪಸ್ ಬಂದ ಬೆಳಕನ್ನ ಅಳೀತೈತಿ. ಬಂದ ಬೆಳಕು ಎಷ್ಟ ಇರಲಿ, ಅದನ್ನ ನಡುವಿನ ಬೂದು ಬಣ್ಣಕ್ಕ ತಂದು ನಿಲ್ಲಸೋದು ಅದರ ಕೆಲಸ, ಬಿದ್ದ ಬೆಳಕಿನ್ಯಾಗ ಸುಮಾರು 18 ಪರ್ಸೆಂಟ್ ವಾಪಸ್ ಕಳಸೋ ಬೂದು ಅಂತ ಫೋಟೋಗ್ರಾಫರ್ ಮಂದಿ ಲೆಕ್ಕಾ ಹಿಡೀತಾರ. ತಕ್ಕಡಿಗೆ ತೂಕ ಗೊತ್ತು, ತೂಗಾಕ ಇಟ್ಟದ್ದು ಹತ್ತಿಯೋ ಬೆಲ್ಲಾನೋ ಗೊತ್ತಿಲ್ಲ, ಮೀಟರ್ ಕತಿನೂ ಅಷ್ಟ. ಹತ್ತಿನ ಬೆಳ್ಳಗ ಇಡಬೇಕು, ಎಮ್ಮಿನ ಕರ್ರಗ ಇಡಬೇಕು ಅನ್ನೋದನ್ನ ಹೇಳಾವರು ನೀವ.

ಶುರು ಮಾಡೋಕ್ಕಿಂತ ಮೊದಲ ಜ್ವಾಕಿ

ಟೆಲಿ ಲೆನ್ಸ್ ಹಾಕಿದ ಡಿಎಸ್‌ಎಲ್‌ಆರ್ ಕಣ್ಣಿಗೆ ಹಚ್ಚಿ ಸೂರ್ಯನ ಕಡೆ ತಿರುಗಿಸಬ್ಯಾಡ್ರಿ, ಮೀಟರಿಂಗ್ ನೋಡಾಕ ಅಂತನೂ ಬ್ಯಾಡ, ಗ್ರಹಣದ ದಿನ ಅಂತೂ ಸೋಲಾರ್ ಫಿಲ್ಟರ್ ಇಲ್ಲದ ಬ್ಯಾಡೇ ಬ್ಯಾಡ, ಕಣ್ಣು ಹೋದ್ರ ಹೋತು. ಡಿಜೆ ಪ್ರೋಗ್ರಾಂನ ಲೇಸರ್ ಲೈಟು ನೇರ ಲೆನ್ಸಿಗೆ ಬಡದ್ರ ಸೆನ್ಸರ್ ಮ್ಯಾಲೆ ಕಾಯಂ ಗೆರಿ, ಚುಕ್ಕಿ ಬೀಳತಾವ, ಆ ಕಡೆ ಕ್ಯಾಮೆರಾ ತಿರುಗಿಸಬ್ಯಾಡ್ರಿ. ಫ್ಲ್ಯಾಶ್ ಅಥವಾ ಫ್ಲ್ಯಾಶ್ ಇರೋ ಕ್ಯಾಮೆರಾ ಬಾಡಿ ಮನ್ಯಾಗ ಬಿಚ್ಚಬ್ಯಾಡ್ರಿ, ಒಳಗಿನ ಕೆಪಾಸಿಟರ್ ಬ್ಯಾಟರಿ ತಗದ ಮ್ಯಾಲೂ ನೂರಾರು ವೋಲ್ಟ್ ಹಿಡಕೊಂಡು ಕುಂತಿರತೈತಿ, ಬಡದ್ರ ಜೋರಾಗೇ ಬಡೀತೈತಿ. ಬ್ಯಾಟರಿ ಉಬ್ಬಿದ್ರ ಅದನ್ನ ಚಾರ್ಜಿಗೆ ಹಚ್ಚದ ಬದಲ ಮಾಡ್ರಿ.

ನಿನ್ನೆ ಚಲೋ ಇತ್ತು, ಇವತ್ತ ಎಲ್ಲಾ ಫೋಟೋ ಒಂದ ಸಮ ಕರ್ರಗ ಇಲ್ಲಾ ಬೆಳ್ಳಗ

ಎಲ್ಲಾ ಫೋಟೋ ಒಂದ ಅಳತಿಯಿಂದ ತಪ್ಪಾಗ್ಯಾವ ಅಂದ್ರ ಎಲ್ಲೋ ಒಂದು ಸೆಟ್ಟಿಂಗ್ ನಿನ್ನೆದ್ದ ಉಳಕೊಂಡೈತಿ ಅಂತ ಅರ್ಥ. ಮೊದಲ ಪ್ಲಸ್-ಮೈನಸ್ ಗುರುತಿನ ಎಕ್ಸ್‌ಪೋಜರ್ ಕಾಂಪೆನ್ಸೇಶನ್ ನೋಡ್ರಿ, ಮೀಟರ್ ಹೇಳಿದ್ದಕ್ಕಿಂತ ಬೆಳಕು ಏರಿಸೋ, ಇಳಿಸೋ ಸೆಟ್ಟಿಂಗ್ ಅದು. ಅದರಾಗ 1 ಅಂದ್ರ ಒಂದು ಸ್ಟಾಪ್, ಏರಿಸಿದ್ರ ಬೆಳಕು ಎರಡು ಪಟ್ಟು, ಇಳಿಸಿದ್ರ ಅರ್ಧ. ಬ್ಯಾಗಿನ್ಯಾಗ ಡಯಲ್ ತಿಕ್ಕಿ ಮೈನಸ್ 2 ಕ್ಕ ಹೋಗಿ ಕುಂತಿರೋದು ಭಾಳ ಸಾಮಾನ್ಯ, ಭಾಳಷ್ಟು ಕ್ಯಾಮೆರಾದಾಗ ಆಫ್ ಮಾಡಿ ಆನ್ ಮಾಡಿದ್ರೂ ಅದು ಸೊನ್ನಿಗೆ ಬರಂಗಿಲ್ಲ. ಆಮ್ಯಾಲ ಐಎಸ್‌ಓ, ಅಂದ್ರ ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಅನ್ನೋ ಅಂಕಿ, ನೋಡ್ರಿ. ರಾತ್ರಿ ಮದವಿಗೆ 3200 ಇಟ್ಟು ಮುಂಜಾನೆ ಬಿಸಿಲಾಗ ಹಂಗ ತಗದ್ರ ಎಂ ಮೋಡಿನ್ಯಾಗ (ಮ್ಯಾನ್ಯುಯಲ್, ಅಂಕಿ ಎಲ್ಲಾ ನಾವ ಇಡೋದು) ಎಲ್ಲಾ ಬೆಳ್ಳಗ ಸುಟ್ಟು ಹೋಗತಾವ, ಅಪರ್ಚರ್ ಪ್ರಯಾರಿಟಿಯೊಳಗ (ಲೆನ್ಸಿನ ಕಿಂಡಿ ನಾವು ಇಟ್ಟು, ಶಟರ್ ಕ್ಯಾಮೆರಾಕ್ಕ ಬಿಡೋದು) ದೊಡ್ಡ ಅಪರ್ಚರ್ ಇದ್ರ ಶಟರ್ 1/4000 ಕ್ಕ ಹೋಗಿ ಮುಟ್ಟಿ ಮುಂದ ದಾರಿ ಇಲ್ಲದ ಮಿನುಗತೈತಿ. ಹಂಗ ಮಿನುಗೋ ಅಂಕಿ ಕಂಡ್ರ ನಿರ್ಲಕ್ಷ್ಯ ಮಾಡಬ್ಯಾಡ್ರಿ, "ನನ್ನ ಕೈಲೆ ಇನ್ನ ಆಗಂಗಿಲ್ಲ" ಅಂತ ಕ್ಯಾಮೆರಾ ಹೇಳಾಕತ್ತಿರತೈತಿ.

ಮೀಟರಿಂಗ್ ಮೋಡ್ ಸ್ಪಾಟಿನ್ಯಾಗ (ಫ್ರೇಮಿನ ಒಂದು ಚೂರು ಜಾಗಾ ಅಷ್ಟ ಅಳಿಯೋದು) ಉಳದೈತೇನು, ಲೆನ್ಸ್ ಮುಂದ ಬೆಳಕು ಕಡಿಮಿ ಮಾಡೋ ಎನ್‌ಡಿ ಫಿಲ್ಟರ್ ಉಳದೈತೇನು ಅದನ್ನೂ ನೋಡ್ರಿ. ಸೆಕೆಂಡ್ ಹ್ಯಾಂಡ್ ತಗೊಂಡ ಕ್ಯಾಮೆರಾ ಇದ್ರ ಮೊದಲಿನ ಮಾಲಕರು ಏನೇನ್ ತಿರುವಿಟ್ಟಾರೋ ಗೊತ್ತಿರಂಗಿಲ್ಲ, ಮೆನುದಾಗ ಹೋಗಿ ರೀಸೆಟ್ ಹೊಡದುಬಿಡ್ರಿ, ಎರಡು ನಿಮಿಷದ ಕೆಲಸ.

ಬಿಡಿ ಬಿಡಿ ತಗದ್ರೂ ಒಂದು ಸರಿ, ಒಂದು ಕರ್ರಗ, ಒಂದು ಬೆಳ್ಳಗ

ಇದು ಬ್ರ್ಯಾಕೆಟಿಂಗ್, ಒಂದ ದೃಶ್ಯನ ಬ್ಯಾರೆ ಬ್ಯಾರೆ ಎಕ್ಸ್‌ಪೋಜರಿನ್ಯಾಗ ಸಾಲಾಗಿ ತಗಿಯೋ ಸೆಟ್ಟಿಂಗ್. ಮೂರರ ಲೆಕ್ಕದಾಗ ಇದ ಸರದಿ ತಿರುಗಿ ತಿರುಗಿ ಬರಾಕತ್ತಿದ್ರ ಬ್ಯಾರೆ ಕಾರಣ ಹುಡುಕೋದ ಬ್ಯಾಡ, ಬಿಕೆಟಿ ಬಟನ್ ಇಲ್ಲಾ ಎಇಬಿ ಮೆನು ಆಫ್ ಮಾಡ್ರಿ, ಮುಗೀತು. ಇಷ್ಟಕ್ಕ ಶಟರ್ ಹೋಗೇತಿ ಅಂತ ಸರ್ವಿಸ್ಸಿಗೆ ಓಡಬ್ಯಾಡ್ರಿ.

ಬಿಳೇದು ಬೂದು ಆಗತೈತಿ, ಕರೇದೂ ಬೂದು ಆಗತೈತಿ

ಬಿಳಿ ಧೋತರ, ಬಿಳಿ ಅಂಗಿ, ತಲಿ ಮ್ಯಾಲೆ ಗಾಂಧಿ ಟೊಪಿಗಿ ಹಾಕಿದ ಅಜ್ಜಾರು ಸುಣ್ಣ ಹಚ್ಚಿದ ಗ್ವಾಡಿ ಮುಂದ ಕುಂತಾರ ಅನ್ಕೋರಿ. ಫ್ರೇಮ್ ತುಂಬ ಬಿಳೇದ. ಮೀಟರ್ ಇಷ್ಟೊಂದು ಬೆಳಕು ಅಂತ ತಿಳದು ಎಕ್ಸ್‌ಪೋಜರ್ ಇಳಸತೈತಿ, ಧೋತರ ರಾಡಿ ನೀರಾಗ ತೊಳದಂಗ ಬರತೈತಿ, ಅಜ್ಜಾರ ಮಾರಿ ಇನ್ನೂ ಕಪ್ಪಾಗತೈತಿ. ಇಲ್ಲೆ +1 ರಿಂದ +1⅔ ತನಕ ಏರಿಸಬೇಕು. ಮಳಿ ಬಿದ್ದ ಮ್ಯಾಲಿನ ಎರಿ ಹೊಲ, ಅದರಾಗ ಎಮ್ಮಿ, ಇದಕ್ಕ ಉಲ್ಟಾ. ಮೀಟರ್ ಕತ್ತಲಿ ಐತಿ ಅಂತ ಬೆಳಕು ಹೆಚ್ಚ ಮಾಡತೈತಿ, ಎರಿ ಮಣ್ಣು ಬೂದಿ ಚೆಲ್ಲಿದಂಗ ಕಾಣತೈತಿ, -1 ಸುತ್ತಮುತ್ತ ಇಳಸ್ರಿ. ಬೆಳ್ಳಗಿದ್ರ ಏರಸು, ಕರ್ರಗಿದ್ರ ಇಳಸು, ಮನಸ್ಸಿಗೆ ತಿರುಗಾಮುರುಗಾ ಅನಿಸಿದ್ರೂ ಇದ ಖರೆ.

ಆದ್ರ ಇಲ್ಲೊಂದು ಮಾತು ನಿಂತು ನೋಡಬೇಕು, ಇಲ್ಲೆ ಭಾಳ ಮಂದಿ ಜಾರತಾರ. ಲೆಕ್ಕಾ ಹಿಡಿಯೋದು ನಿಮ್ಮ ಪಕ್ಷಿ ಬಣ್ಣ ಅಲ್ಲ, ಫ್ರೇಮಿನ್ಯಾಗ ಹೆಚ್ಚು ಜಾಗಾ ತುಂಬಿದ್ದರ ಬಣ್ಣ. ಚಳಿಗಾಲದಾಗ ಶಿರಹಟ್ಟಿ ತಾಲೂಕಿನ ಮಾಗಡಿ ಕೆರಿಗೆ ಪಟ್ಟೆತಲಿ ಹೆಬ್ಬಾತು ನೋಡಾಕ ಹೋಗತೀರಲ್ಲ, ಅಲ್ಲೆ ದಂಡಿಗೆ ಒಂದು ಬೆಳ್ಳಕ್ಕಿ ನಿಂತಿರತೈತಿ. ಹಿಂದ ಎದುರು ದಂಡಿ ನೆರಳು ಬಿದ್ದ ಕರೇ ನೀರು ಇದ್ದು, ಹಕ್ಕಿ ಫ್ರೇಮಿನ್ಯಾಗ ಸಣ್ಣದಿದ್ರ, "ಬೆಳ್ಳಕ್ಕಿ ಬಿಳೇದು, +1 ಏರಿಸೋಣು" ಅಂತ ಮಾಡಿದ್ರ ಹಕ್ಕಿ ಮೈಮ್ಯಾಲಿನ ಒಂದು ಗರಿನೂ ಉಳಿಯಂಗಿಲ್ಲ, ಬಿಳೇ ಕಾಗದ ಕತ್ತರಿಸಿ ಅಂಟಿಸಿದಂಗ ಆಗತೈತಿ. ಮೀಟರ್ ಕರೇ ನೀರ ನೋಡಿ ತಾನ ಏರಿಸಿರತೈತಿ, ನೀವು ಅಲ್ಲೆ -⅔ ರಿಂದ -1⅓ ಇಳಸಬೇಕು. ಅದ ಹಕ್ಕಿ ಎದ್ದು ಮುಗಿಲ ಕಡೆ ಹಾರಿತೋ, ಹಿಂದ ಬೆಳ್ಳನ್ನ ಆಕಾಶ, ಈಗ +1 ಬೇಕು. ಒಂದ ಹಕ್ಕಿ, ಒಂದ ಬಿಸಿಲು, ಕಾಂಪೆನ್ಸೇಶನ್ ಎರಡು. ಇದು ಮೀಟರಿನ ದೋಷ ಅಂತ ಅಂದ್ಕೊಂಡ್ರ ಜೀವಮಾನ ಪೂರ್ತಿ ಕ್ಯಾಮೆರಾ ಬದಲ ಮಾಡಕೋಂತ ಕುಂದ್ರಬೇಕಾಗತೈತಿ. ಹಕ್ಕಿ ಹಾರೋದು ಕಾಯಾವರಿಗೆ ಚಲೋ ದಾರಿ ಅಂದ್ರ ಎಂ ಮೋಡ್. ಅದ ಬಿಸಿಲಾಗ ಒಂದು ಬಿಳಿ ಹಕ್ಕಿಗೆ ಸರಿ ಬರೋ ಶಟರ್, ಅಪರ್ಚರ್, ಐಎಸ್‌ಓ ಹುಡುಕಿ ಇಟ್ಟುಬಿಟ್ರ ಹಿನ್ನೆಲಿ ನೀರ ಇರಲಿ ಮುಗಿಲ ಇರಲಿ ಎಕ್ಸ್‌ಪೋಜರ್ ಅಲುಗಾಡಂಗಿಲ್ಲ, ಮೋಡ ಬಂದ್ರ ಅಷ್ಟ ಬದಲ ಮಾಡಬೇಕು.

ಹಿನ್ನೆಲಿ ಚಲೋ, ಮಂದಿ ಮಾರಿ ಕರ್ರಗ

ಉಣಕಲ್ ಕೆರಿ ದಂಡಿಗೆ ಸಂಜಿಮುಂದ ಗಂಡ-ಹೆಂಡ್ತಿನ ನಿಲ್ಲಿಸಿ ಸೂರ್ಯ ಮುಳಗೋ ಕಡೆ ತಗದ್ರ ಕೆರಿ, ಮುಗಿಲು ಎಲ್ಲಾ ಚಂದ ಬರತೈತಿ, ಅವರಿಬ್ಬರೂ ಕರೇ ಆಕೃತಿ ಆಗತಾರ. ಅವರು ಆಮ್ಯಾಲ ಫೋನ್ ಮಾಡಿ "ಅಣ್ಣಾರ, ನಮ್ಮ ಮಾರಿನ ಕಾಣವಲ್ದಲ್ರಿ" ಅಂತಾರ. ಮ್ಯಾಟ್ರಿಕ್ಸ್, ಇವ್ಯಾಲ್ಯುಯೇಟಿವ್, ಮಲ್ಟಿ ಅಂತ ಕಂಪನಿ ಮ್ಯಾಲೆ ಹೆಸರು ಬ್ಯಾರೆ ಇದ್ರೂ ಕೆಲಸ ಒಂದ, ಇಡೀ ಫ್ರೇಮನ್ನ ತುಂಡು ತುಂಡು ಮಾಡಿ ನೋಡಿ ಲೆಕ್ಕಾ ಹಾಕೋದು, ಈ ಪದ್ಧತಿ 1983 ರ ನಿಕಾನ್ ಎಫ್‌ಎ ಫಿಲ್ಮ್ ಕ್ಯಾಮೆರಾದಾಗ ಮೊದಲ ಬಂತು. ಎಷ್ಟ ಶಾಣ್ಯಾ ಆದ್ರೂ ಫ್ರೇಮಿನ ಮುಕ್ಕಾಲು ಭಾಗ ಆಕಾಶ ಇದ್ರ ಅದು ಆಕಾಶದ ಮಾತು ಕೇಳೋದ ಹೆಚ್ಚು.

ಮೊದಲ ಪುಕ್ಕಟೆ ಉಪಾಯ, ಕಾಂಪೆನ್ಸೇಶನ್ +1 ಇಲ್ಲಾ +2 ಗೆ ತಿರುವ್ರಿ. ಸಾಲಲಿಲ್ಲ ಅಂದ್ರ ಸ್ಪಾಟ್ ಮೀಟರಿಂಗ್ ಹಾಕಿ ಮಾರಿ ಮ್ಯಾಲೆ ಅಳೀರಿ. ಗೋದಿ ಬಣ್ಣದ ಮಾರಿಗೆ ಸೊನ್ನಿ ಸಾಕು, ಬೆಳ್ಳಗಿದ್ದವರಿಗೆ +⅔ ದಿಂದ +1, ಕಪ್ಪಗಿದ್ದವರಿಗೆ -⅔ ಸುತ್ತ. ಕಪ್ಪಗಿದ್ದವರ ಮಾರಿನ ಏರಿಸಿ ಏರಿಸಿ ಬೂದು ಮಾಡೋ ಚಟ ನಮ್ಮ ಕಡೆ ಭಾಳ ಐತಿ, ಅದು ನನಗ ಸರಿ ಅನಿಸಂಗಿಲ್ಲ, ಅವರ ಬಣ್ಣದಾಗ ಅವರು ಚಂದ ಕಾಣತಾರ.

ಸ್ಪಾಟ್ ಯಾವ ಜಾಗಾದಾಗ ಅಳೀತೈತಿ ಅನ್ನೋದೂ ಮುಖ್ಯ. ಕ್ಯಾನನ್ನಿನ ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಾಗ ಅದು ಫ್ರೇಮಿನ ನಟ್ಟನಡುವ ಅಷ್ಟ, ನಿಕಾನಿನ್ಯಾಗ ಸಾಮಾನ್ಯವಾಗಿ ನೀವು ಆರಿಸಿದ ಫೋಕಸ್ ಪಾಯಿಂಟ್ ಇದ್ದಲ್ಲೆ. ನಡುವಿನ ಸ್ಪಾಟ್ ಇರೋ ಕ್ಯಾಮೆರಾದಾಗ ಮಾರಿ ಬದಿಗೆ ಇಟ್ಟು ತಗದ್ರ ಅದು ಅಳದದ್ದು ಮಾರಿನ ಅಲ್ಲ, ಹಿಂದಿನ ನೀರನ್ನ. ಅಂಥಾವ್ರು ಮಾರಿ ನಡುವ ತಂದು ಅಳದು, ಸ್ಟಾರ್ ಗುರುತಿನ ಇಲ್ಲಾ ಎಇ-ಎಲ್ ಬಟನ್ ಒತ್ತಿ ಲಾಕ್ ಮಾಡಿ, ಆಮ್ಯಾಲ ಫ್ರೇಮ್ ಹೊಂದಿಸಕೊಳ್ರಿ.

ಮಾರಿ ದೂರ ಇದ್ರ ನಿಮ್ಮ ಅಂಗೈ ಐತಲ್ಲ. ಅವರ ಮ್ಯಾಲೆ ಬಿದ್ದ ಬೆಳಕ ನಿಮ್ಮ ಅಂಗೈ ಮ್ಯಾಲೂ ಬೀಳೋ ಹಂಗ ಹಿಡದು, ಫ್ರೇಮ್ ತುಂಬ ಅಂಗೈ ಇಟ್ಟು ಅಳದು ಒಂದು ಸ್ಟಾಪ್ ಏರಿಸಿಬಿಡ್ರಿ. ಮೈಬಣ್ಣ ಏನ ಇದ್ರೂ ಅಂಗೈ ನಡುವಿನ ಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗ ಇರತೈತಿ, ಅದಕ ಇದು ಬಹಳಷ್ಟು ಮಂದಿಗೆ ಹೊಂದತೈತಿ.

ನಿಂತ ಜಾಗಾದಾಗ ಕ್ಯಾಮೆರಾ ಚೂರು ಸರಿಸಿದ್ರ ಸಾಕು, ಬೆಳಕ ಬದಲಾಗತೈತಿ

ಸ್ಪಾಟ್ ಇನ್ನೂ ಆನ್ ಐತಿ, ಬ್ಯಾರೆ ಏನೂ ಅಲ್ಲ. ಅದು ನೋಡೋದು ಫ್ರೇಮಿನ ಸುಮಾರು 1.5 ರಿಂದ 4 ಪರ್ಸೆಂಟ್ ಜಾಗಾ ಅಷ್ಟ. ಮದಲಿಂಗನ ಬಿಳಿ ರುಮಾಲಿನ ಮ್ಯಾಲೆ ಬಿದ್ರ ಒಂದು ರೀಡಿಂಗ್, ಎರಡು ಬೆರಳ ಸರದು ಕರೇ ಕೋಟಿನ ಮ್ಯಾಲೆ ಬಿದ್ರ ಇನ್ನೊಂದು, ನಡುವ ಮೂರು ಸ್ಟಾಪ್ ಫರಕ ಬಂದ್ರೂ ಆಶ್ಚರ್ಯ ಇಲ್ಲ. ಓಡಾಡಿ ತಗಿಯೋ ಕೆಲಸಕ್ಕ ಸ್ಪಾಟ್ ಬ್ಯಾಡ್ರಿ, ಮ್ಯಾಟ್ರಿಕ್ಸಿಗೆ ವಾಪಸ್ ಬರ್ರಿ, ಇಲ್ಲಾ ಬೆಳಕು ಬದಲಾಗದ ಜಾಗಾದಾಗ ಒಮ್ಮೆ ಅಳದು ಎಂ ಮೋಡಿಗೆ ಹೋಗ್ರಿ.

ಬ್ಯಾಡಗಿ ಮೆಣಸಿನಕಾಯಿ ರಾಶಿ ಕೆಂಪು ಮುದ್ದಿ ಆಗೇತಿ, ಹಿಸ್ಟೋಗ್ರಾಂ ಮಾತ್ರ ಸರಿ ಐತಿ

ಇದನ್ನ ಬ್ಯಾರೆ ಊರಿನವರು ಅಷ್ಟು ಕೇಳಂಗಿಲ್ಲ, ನಮ್ಮ ಹಾವೇರಿ ಮಂದಿ ಕೇಳತಾರ. ಬ್ಯಾಡಗಿ ಮೆಣಸಿನಕಾಯಿ ಚಂದ ಇರೋದ ಅದರ ಸುಕ್ಕಿನ್ಯಾಗ, ಒಂದೊಂದು ಸುಕ್ಕಿನ ಏಣ ಹೊಳಿಯೋದು, ತಗ್ಗಿನ್ಯಾಗ ಕಂದು ಕೆಂಪು ನಿಲ್ಲೋದು. ಫೋಟೋ ನೋಡಿದ್ರ ಸುಕ್ಕ ಒಂದೂ ಇಲ್ಲ, ಕೆಂಪು ಬಣ್ಣ ಬಳದಂಗ ಆಗೇತಿ. ಬಿಳೇ ಹಿಸ್ಟೋಗ್ರಾಂ (ಎಡಕ್ಕ ಕತ್ತಲಿ, ಬಲಕ್ಕ ಬೆಳಕು ಎಷ್ಟೈತಿ ಅಂತ ತೋರಸೋ ನಕ್ಷಾ) ನೋಡಿದ್ರ ಬಲಗಡೆ ಇನ್ನೂ ಜಾಗಾ ಉಳದೈತಿ, ಸುಟ್ಟು ಹೋದ ಜಾಗಾ ಮಿನುಗಿಸಿ ತೋರಸೋ ಬ್ಲಿಂಕಿನೂ ಇಲ್ಲ.

ಕಾರಣ ಏನಂದ್ರ ಬಿಳೇ ಹಿಸ್ಟೋಗ್ರಾಂ ಕೆಂಪು, ಹಸರು, ನೀಲಿ ಮೂರನ್ನೂ ಕೂಡಿಸಿ ತೋರಸತೈತಿ, ಅದರಾಗ ಹಸರಿನ ಪಾಲ ಹೆಚ್ಚು, ಕೆಂಪಿನ ಪಾಲ ಕಡಿಮಿ. ಕೆಂಪು ಚಾನೆಲ್ ಒಂದ ತುಂಬಿ ಚೆಲ್ಲಿದ್ರೂ ಒಟ್ಟು ಲೆಕ್ಕದಾಗ ಗೊತ್ತಾಗಂಗಿಲ್ಲ. ಮೆನುದಾಗ ಆರ್‌ಜಿಬಿ ಹಿಸ್ಟೋಗ್ರಾಂ ಆನ್ ಮಾಡಿ ಕೆಂಪು ಗೆರಿ ಬಲಗಡೆ ಗ್ವಾಡಿಗೆ ಆತಿದೈತೇನು ನೋಡ್ರಿ, ಆತಿದ್ರ -⅔ ದಿಂದ -1 ಇಳಸ್ರಿ. ಪಿಕ್ಚರ್ ಸ್ಟೈಲ್ ವಿವಿಡ್ ಇಟ್ಟಿದ್ರ ನ್ಯೂಟ್ರಲ್‌ಗೆ ತರ್ರಿ, ಕ್ಯಾಮೆರಾ ತೋರಸೋ ಹಿಸ್ಟೋಗ್ರಾಂ ಜೆಪೆಗ್ ಪ್ರಿವ್ಯೂದ್ದು, ನೀವು ರಾ (ಸೆನ್ಸರಿನ ಕಚ್ಚಾ ಫೈಲ್) ತಗದ್ರೂ ಅದ ಸ್ಟೈಲಿನ ಮ್ಯಾಲೆ ಲೆಕ್ಕಾ ಆಗತೈತಿ. ರಾ ಫೈಲ್ ಇದ್ರ ಹೋದ ಸುಕ್ಕು ಕೆಲವೊಮ್ಮೆ ವಾಪಸ್ ಬರತಾವ, ಜೆಪೆಗ್ ಇದ್ರ ಬರಂಗಿಲ್ಲ. ಕೆಂಪು ಇಳಕಲ್ ಸೀರಿ, ಕುಂಕುಮದ ತಟ್ಟಿ, ಚೆಂಡಹೂವಿನ ರಾಶಿ ಎಲ್ಲಾದಕ್ಕೂ ಇದ ಮದ್ದು.

ಕ್ಯಾಮೆರಾ ಸ್ಕ್ರೀನಿನ್ಯಾಗ ಚಲೋ, ಕಂಪ್ಯೂಟರಿನ್ಯಾಗ ಕರ್ರಗ

ರಾತ್ರಿ ಕತ್ತಲ್ಯಾಗ ಸ್ಕ್ರೀನ್ ಭಾಳ ಬೆಳಕ ಕಾಣತೈತಿ, ಅದನ್ನ ನಂಬಿ ಎಕ್ಸ್‌ಪೋಜರ್ ಇಳಿಸಿಬಿಡತೀರಿ. ಮಧ್ಯಾಹ್ನ ಬಿಸಿಲಾಗ ಸ್ಕ್ರೀನ್ ಕಾಣಂಗಿಲ್ಲ, ಆಗ ಏರಿಸಿಬಿಡತೀರಿ. ಸ್ಕ್ರೀನ್ ಬ್ರೈಟ್‌ನೆಸ್ ಆಟೋ ಬಿಟ್ಟು ನಡುವ ಒಂದು ಕಡೆ ನಿಲ್ಲಿಸ್ರಿ, ಚಿತ್ರ ನೋಡಿ ತೀರ್ಮಾನ ಮಾಡಬ್ಯಾಡ್ರಿ, ಹಿಸ್ಟೋಗ್ರಾಂ ಮತ್ತ ಬ್ಲಿಂಕಿ ನೋಡಿ ಮಾಡ್ರಿ.

ಎಂ ಮೋಡಿನ್ಯಾಗ ಏನ ತಿರುವಿದ್ರೂ ಬೆಳಕ ಬದಲಾಗವಲ್ದು

ಆಟೋ ಐಎಸ್‌ಓ ಆನ್ ಐತಿ. ನೀವು ಶಟರ್ ಜೋರ ಮಾಡಿದ್ರ ಅದು ಐಎಸ್‌ಓ ಏರಿಸಿ ಸರಿ ಮಾಡಿಬಿಡತೈತಿ. ಆಟೋ ಐಎಸ್‌ಓ ಆಫ್ ಮಾಡ್ರಿ, ಇಲ್ಲಾ ಹಂಗ ಬಿಟ್ಟು ಕಾಂಪೆನ್ಸೇಶನ್ ಬಳಸ್ರಿ, ಈಚಿನ ಬಹಳಷ್ಟು ಕ್ಯಾಮೆರಾಗಳಾಗ ಅದು ಕೆಲಸ ಮಾಡತೈತಿ.

ಇನ್ನ ಹಳೇ ಮ್ಯಾನ್ಯುಯಲ್ ಲೆನ್ಸ್ ಹಾಕಿದಾಗ ಮೀಟರ್ ತೋರಸವಲ್ದು ಅನ್ನಾವರಿಗೆ: ನಿಕಾನ್ 3000, 5000 ಸರಣಿ ಡಿಎಸ್‌ಎಲ್‌ಆರ್‌ಗಳು ಸಿಪಿಯು (ಕ್ಯಾಮೆರಾ ಜೋಡಿ ಮಾತಾಡೋ ಚಿಪ್) ಇಲ್ಲದ ಲೆನ್ಸ್ ಜೋಡಿ ಮೀಟರ್ ಮಾಡಂಗೇ ಇಲ್ಲ, ಅವನ್ನ ಕಟ್ಟಿದ್ದ ಹಂಗ. ಒಂದು ಫೋಟೋ ತಗದು ಹಿಸ್ಟೋಗ್ರಾಂ ನೋಡಿ ಹೊಂದಿಸೋದ ದಾರಿ. ಸಿಪಿಯು ಇರೋ ಲೆನ್ಸ್ ಹಾಕಿದಾಗ ಪರದಿ ಮ್ಯಾಲೆ ಎಫ್‌ಇಇ ಅಂತ ಬಂದ್ರ ಲೆನ್ಸಿನ ಅಪರ್ಚರ್ ರಿಂಗನ್ನ ಅತಿ ದೊಡ್ಡ ಅಂಕಿಗೆ, ಅಂದ್ರ 16 ಇಲ್ಲಾ 22 ಕ್ಕ ತಿರುವಿ ಲಾಕ್ ಮಾಡ್ರಿ, ಹೋಗತೈತಿ.

ಕಲ್ಯಾಣ ಮಂಟಪದಾಗ ಒಂದು ಫೋಟೋ ಬೆಳಕು, ಮುಂದಿಂದು ಮಬ್ಬು, ಅಡ್ಡ ಪಟ್ಟಿ ಬ್ಯಾರೆ

ಸೆಟ್ಟಿಂಗ್ ಮುಟ್ಟಿಲ್ಲ, ಜಾಗಾ ಬಿಟ್ಟಿಲ್ಲ, ಆದ್ರೂ ಸರಣಿಯೊಳಗ ಬೆಳಕ ಏರಿಳಿತ ಐತಿ ಅಂದ್ರ ಅದು ಲೈಟಿನ ಮಿನುಗು. ನಮ್ಮ ಕರೆಂಟ್ 50 ಹರ್ಟ್ಸ್, ಅದಕ ಟ್ಯೂಬ್‌ಲೈಟು, ಸೋವಿ ಎಲ್‌ಇಡಿ ಸೆಕೆಂಡಿಗೆ 100 ಸಲ ಏರಿಳಿಯತಾವ, ನಮ್ಮ ಕಣ್ಣಿಗೆ ಗೊತ್ತಾಗಂಗಿಲ್ಲ. ಶಟರ್ 1/500 ಇಟ್ಟಾಗ ಆ ಏರಿಳಿತದ ಯಾವುದೋ ಒಂದು ಚೂರು ಸಿಗತೈತಿ, ಒಮ್ಮೆ ಏರು, ಒಮ್ಮೆ ಇಳಿ. 1/100 ಇಲ್ಲಾ 1/50 ಇಟ್ರ ಒಂದಿಡೀ ಸುತ್ತು ಒಳಗ ಬರತೈತಿ, ಎಲ್ಲಾ ಫೋಟೋ ಒಂದ ಥರ ಆಗತಾವ. ಕ್ಯಾಮೆರಾದಾಗ ಆ್ಯಂಟಿ-ಫ್ಲಿಕರ್ ಇದ್ರ ಆನ್ ಮಾಡ್ರಿ. ಸೈಲೆಂಟ್ ಅಂದ್ರ ಇಲೆಕ್ಟ್ರಾನಿಕ್ ಶಟರ್ ಇಟ್ಟಿದ್ರ ಮೆಕ್ಯಾನಿಕಲ್‌ಗೆ ಬರ್ರಿ, ಅಡ್ಡ ಪಟ್ಟಿ ಹೆಚ್ಚು ಬರೋದು ಅಲ್ಲಿಂದ.

ಸ್ಟೇಜ್ ಹಿಂದಿನ ಎಲ್‌ಇಡಿ ವಾಲ್ ಕತಿ ಬ್ಯಾರೆ, ಅದು ಕರೆಂಟಿನ ತಾಳಕ್ಕ ಮಿನುಗಂಗಿಲ್ಲ, ತನ್ನದ ಬ್ಯಾರೆ ವೇಗದಾಗ ಮಿನುಗತೈತಿ. 1/100 ಕ್ಕೂ ಪಟ್ಟಿ ಹೋಗಲಿಲ್ಲ ಅಂದ್ರ 1/80, 1/60 ಅಂತ ನಿಧಾನ ಇಳಕೋಂತ ಹೋಗ್ರಿ, ಇಲ್ಲಾ ವಾಲ್ ನಡಸೋ ಹುಡುಗಗ ಹೇಳಿ ಬ್ರೈಟ್‌ನೆಸ್ ಬದಲ ಮಾಡಸ್ರಿ. ಆ ವಾಲ್ ಬಿಳೇ ಹೂವಿನ ಚಿತ್ರ ತೋರಸಾಕತ್ತಿದ್ರ ಮೀಟರ್ ಅದನ್ನ ಆಕಾಶ ಇದ್ದಂಗ ಹಿಡೀತೈತಿ, ವಧು-ವರ ಕಪ್ಪಾಗತಾರ. ಅಕ್ಷತಾ ಬೀಳೋ ಹೊತ್ತಿನ್ಯಾಗ ಇದನ್ನ ಹುಡುಕಾಕ ಹೋಗಬ್ಯಾಡ್ರಿ, ಮುಂಜಾನೆ ಮಂಟಪ ಖಾಲಿ ಇದ್ದಾಗ ಒಬ್ಬರನ್ನ ನಿಲ್ಲಿಸಿ ನೋಡಿ ಎಂ ಮೋಡಿನ್ಯಾಗ ಅಂಕಿ ಬರದಿಟಗೊಳ್ರಿ.

ಫ್ಲ್ಯಾಶ್ ಹಾಕಿದ ಕೂಡಲೆ ಫೋಟೋದ ಒಂದು ಅಂಚು ಪೂರ್ತಿ ಕರ್ರಗ

ನೇರ ಗೆರಿ ಎಳದಂಗ ಕಪ್ಪ ಪಟ್ಟಿ ಇದ್ರ ಶಟರ್ ಫ್ಲ್ಯಾಶ್ ಸಿಂಕ್ (ಫ್ಲ್ಯಾಶ್ ಜೋಡಿ ಹೊಂದೋ ವೇಗದ ಮಿತಿ) ದಾಟೇತಿ, ಹೆಚ್ಚಿನ ಕ್ಯಾಮೆರಾಕ್ಕ ಅದು 1/200 ಇಲ್ಲಾ 1/250, ಅದರ ಕೆಳಗ ಇಳಸ್ರಿ. ಕೆಳಗ ಅರ್ಧಚಂದ್ರದಂಗ ನೆರಳು ಬಂದ್ರ ಅದು ಲೆನ್ಸ್ ಹುಡ್ಡಿಂದು, ತಗದಿಡ್ರಿ. ಮುಂದಿನವರು ಬೆಳ್ಳಗ, ಹಿಂದಿನವರು ಕತ್ತಲಿ ಅಂದ್ರ ಫ್ಲ್ಯಾಶ್ ತಪ್ಪಲ್ಲ, ದೂರ ಎರಡು ಪಟ್ಟಾದ್ರ ಬೆಳಕು ನಾಕರಾಗ ಒಂದು ಪಾಲಿಗೆ ಇಳೀತೈತಿ, ಎಲ್ಲಾರನ್ನೂ ಒಂದ ಸಾಲಿನ್ಯಾಗ ನಿಲ್ಲಿಸ್ರಿ ಇಲ್ಲಾ ಫ್ಲ್ಯಾಶ್ ಬಿಳೇ ಮಾಳಗಿಗೆ ತಿರುಗಿಸಿ ಹೊಡೀರಿ.

ಟ್ರೈಪಾಡ್ ಮ್ಯಾಲಿಟ್ಟು ಟೈಮರ್ ಹಾಕಿದ್ರ ಕರ್ರಗ, ಕೈಯಾಗ ಹಿಡದ್ರ ಸರಿ

ಲಕ್ಕುಂಡಿ ಬ್ರಹ್ಮ ಜಿನಾಲಯದಂಥ ಗುಡಿ ಒಳಗ ಇದು ಚಲೋತ್ನ್ಯಾಗ ಗೊತ್ತಾಗತೈತಿ. ಡಿಎಸ್‌ಎಲ್‌ಆರ್‌ನ್ಯಾಗ ಮೀಟರಿನ ಸೆನ್ಸರ್ ಇರೋದು ಮ್ಯಾಲೆ ವ್ಯೂಫೈಂಡರ್ ಹತ್ರ. ಕಣ್ಣು ಹಚ್ಚಿದಾಗ ಹಿಂದಿನ ಬೆಳಕ ಮುಚ್ಚಿರತೈತಿ. ಟ್ರೈಪಾಡ್ ಇಟ್ಟು ಬದಿಗೆ ಸರದು ನಿಂತ್ರಿ ಅಂದ್ರ ನಿಮ್ಮ ಬೆನ್ನ ಹಿಂದಿನ ಬಾಗಲದಿಂದ ಬಂದ ಬಿಸಿಲು ಐಪೀಸಿನ್ಯಾಗಿಂದ ಒಳಗ ಹೊಕ್ಕು ಮೀಟರಿಗೆ ಬಡೀತೈತಿ, ಗುಡಿ ಒಳಗ ಬೆಳಕ ಭಾಳ ಐತಿ ಅಂತ ಅದು ಎಕ್ಸ್‌ಪೋಜರ್ ಇಳಸತೈತಿ. ಐಪೀಸ್ ಮುಚ್ಚೋ ರಬ್ಬರ್ ತುಂಡು ಭಾಳಷ್ಟು ಕ್ಯಾನನ್ ಬೆಲ್ಟಿನ್ಯಾಗ ಪೋಣಿಸಿರತಾರ, ಅದು ಯಾತಕ್ಕ ಅಂತ ಮಂದಿ ಕೇಳತಾರಲ್ಲ, ಇದಕ್ಕ. ಅದಿಲ್ಲಂದ್ರ ಕೈವಸ್ತ್ರ ಹಾಕಿ ಮುಚ್ಚಿದ್ರೂ ಆತು. ಒಳಗ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಸೆನ್ಸರಿನಿಂದನ ಅಳಿಯತಾವ, ಅವಕ್ಕ ಈ ತ್ರಾಸ ಇಲ್ಲ.

ತೀರ ಕತ್ತಲ್ಯಾಗ ಇನ್ನೊಂದು ಮಿತಿ ಐತಿ, ಹಳೇ ಡಿಎಸ್‌ಎಲ್‌ಆರ್ ಮೀಟರ್‌ಗಳು ಸುಮಾರು ಇವಿ (ಬೆಳಕಿನ ಮಟ್ಟದ ಅಂಕಿ) 0 ಇಲ್ಲಾ 1 ರ ಕೆಳಗ ನಂಬಿಕಿಗೆ ಬರಂಗಿಲ್ಲ. ಅಲ್ಲೆ ಐಎಸ್‌ಓ ಏರಿಸಿ ಒಂದು ಟೆಸ್ಟ್ ತಗದು, ಹಿಸ್ಟೋಗ್ರಾಂ ನೋಡಿ, ಆಮ್ಯಾಲ ಐಎಸ್‌ಓ ಇಳಿಸಿದಷ್ಟ ಶಟರ್ ಉದ್ದ ಮಾಡ್ರಿ. ಸಂರಕ್ಷಿತ ಗುಡಿಗಳಾಗ ಟ್ರೈಪಾಡ್ ಹಾಕಾಕ ಮೊದಲ ಪರವಾನಗಿ ಕೇಳ್ರಿ.

ಕರೇ ಬಣ್ಣ ಕರ್ರಗ ಇಲ್ಲ, ಇಡೀ ಫೋಟೋ ಹಾಲು ಚೆಲ್ಲಿದಂಗ ಮಬ್ಬು

ಇದನ್ನ ಓವರ್ ಎಕ್ಸ್‌ಪೋಜರ್ ಅಂದ್ಕೊಂಡು ಮೈನಸ್ ಮಾಡಕೋಂತ ಹೋಗತಾರ, ಮಬ್ಬು ಹಂಗ ಉಳೀತೈತಿ. ಲೆನ್ಸ್ ಬಿಚ್ಚಿ ಮೊಬೈಲ್ ಟಾರ್ಚ್ ಒಂದು ಕಡೆಯಿಂದ ಹಾಕಿ ಇನ್ನೊಂದು ಕಡೆಯಿಂದ ಓರೆ ನೋಡ್ರಿ. ಜೇಡರ ಬಲಿ ಹಂಗ ಎಳಿ ಕಂಡ್ರ ಫಂಗಸ್, ಧಾರವಾಡದ ಮಳಿಗಾಲದಾಗ ಕಪಾಟಿನ್ಯಾಗ ಮುಚ್ಚಿಟ್ಟ ಲೆನ್ಸಿಗೆ ಬರೋದ ಇದು. ಒಳಗಿನ ಗ್ಲಾಸ್ ನೀವು ಬಿಚ್ಚಬ್ಯಾಡ್ರಿ, ರಿಪೇರಿಯವರ ಕೆಲಸ. ಹೊರಗಿನ ಗ್ಲಾಸ್ ಮ್ಯಾಲೆ ಬರೇ ಬೆರಳಚ್ಚು ಇದ್ರ ಒರಸಿದ್ರ ಹೋತು.

ಎಲ್ಲಾ ನೋಡಿದೆ, ಆದ್ರೂ ತಪ್ಪ ಬರತೈತಿ: ಗ್ವಾಡಿ ಪರೀಕ್ಷಾ

ಈಗ ಯಂತ್ರದ ಮ್ಯಾಲೆ ಸಂಶಯ ಪಡಾಕ ಹಕ್ಕ ಬಂತು. ಮೋಡ ಓಡಾಡದ ದಿನ, ನೆರಳಿನ್ಯಾಗ ಇರೋ ಒಂದ ಬಣ್ಣದ ಗ್ವಾಡಿ ಫ್ರೇಮ್ ತುಂಬ ಹಿಡದು, ಕಾಂಪೆನ್ಸೇಶನ್ ಸೊನ್ನಿ, ಐಎಸ್‌ಓ ಒಂದ ಕಡೆ ಕಟ್ಟಿ, ಮೊದಲ ಮೂರೂ ಮೀಟರಿಂಗ್ ಮೋಡ್ (ಮ್ಯಾಟ್ರಿಕ್ಸ್, ನಡುವಿಗೆ ಒತ್ತು ಕೊಡೋ ಸೆಂಟರ್-ವೇಟೆಡ್, ಸ್ಪಾಟ್) ಬದಲ ಮಾಡಿ ರೀಡಿಂಗ್ ನೋಡ್ರಿ. ಒಂದ ಸಮ ಗ್ವಾಡಿ ಇದ್ದಾಗ ಮೂರೂ ಹೆಚ್ಚುಕಡಿಮಿ ಒಂದ ಹೇಳಬೇಕು.

ಆಮ್ಯಾಲ ಎಂ ಮೋಡಿನ್ಯಾಗ ಎಫ್/4 ಕ್ಕ 1/250, ಎಫ್/5.6 ಕ್ಕ 1/125, ಎಫ್/8 ಕ್ಕ 1/60, ಎಫ್/11 ಕ್ಕ 1/30, ಎಫ್/16 ಕ್ಕ 1/15, ಹಿಂಗ ಐದು ಫೋಟೋ ತಗೀರಿ. ನಿಮ್ಮ ಗ್ವಾಡಿಗೆ ಈ ಅಂಕಿ ಹೊಂದದಿದ್ರ ಐಎಸ್‌ಓ ಬದಲ ಮಾಡಕೊಳ್ರಿ, ಜೋಡಿ ಮಾತ್ರ ಇದ ಇರಲಿ. ಐದೂ ಒಂದ ಬೆಳಕಿನ್ಯಾಗ ಬರಬೇಕು, ಮೂಲಿ ಬಿಟ್ಟು ನಡುವಿನ ಭಾಗ ಅಷ್ಟ ಹೋಲಿಸ್ರಿ.

ಎಫ್/4 ಸರಿ ಇದ್ದು ಎಫ್/8, ಎಫ್/11 ಆದಂಗ ಬೆಳ್ಳಗಾಗಕೋಂತ ಹೋದ್ರ ಅಪರ್ಚರ್ ಎಲಿ ಪೂರ್ತಿ ಮುಚ್ಚವಲ್ವು ಅಂತ ಅರ್ಥ, ಎಲಿ ಮ್ಯಾಲೆ ಎಣ್ಣಿ ಬಂದೈತಿ ಇಲ್ಲಾ ನಡಸೋ ಕಡ್ಡಿ ಬಾಗೇತಿ. ಡೆಪ್ತ್ ಪ್ರಿವ್ಯೂ ಬಟನ್ ಒತ್ತಿ ಲೆನ್ಸಿನ ಮುಂದಿನಿಂದ ನೋಡಿದ್ರ ಎಲಿ ತಡಾ ಮಾಡಿ ಮುಚ್ಚೋದು ಕಣ್ಣಿಗೇ ಕಾಣತೈತಿ. ಗೆಳ್ಯಾರ ಹತ್ರ ಇನ್ನೊಂದು ಲೆನ್ಸ್ ಇಸಗೊಂಡು ಹಾಕ್ರಿ, ಅದರಾಗ ಸರಿ ಬಂದ್ರ ಖರ್ಚು ಲೆನ್ಸಿಂದು, ಅದರಾಗೂ ತಪ್ಪಿದ್ರ ಬಾಡಿದ್ದು.

ಅಪರ್ಚರ್ ಮುಟ್ಟದ ಶಟರ್, ಐಎಸ್‌ಓ ಅಷ್ಟ ಜೋಡಿಸಿ ಬದಲ ಮಾಡಿದಾಗ 1/2000, 1/4000 ದಾಗ ಮಾತ್ರ ಒಂದು ಬದಿ ಕಪ್ಪ ಇಳದ್ರ ಶಟರಿನ ಎರಡು ಪರದಿ ಓಟ ತಪ್ಪೈತಿ. ಮಿರರ್‌ಲೆಸ್ ಇದ್ದವರಿಗೆ ಸರಳ ಪರೀಕ್ಷಾ ಐತಿ, ಇಲೆಕ್ಟ್ರಾನಿಕ್ ಶಟರಿನ್ಯಾಗ ಸರಿ ಬಂದು ಮೆಕ್ಯಾನಿಕಲ್‌ನ್ಯಾಗ ತಪ್ಪಿದ್ರ ಕಳ್ಳ ಸಿಕ್ಕಂಗ. ಇಲ್ಲೆ ನಿಲ್ಲಿಸಿಬಿಡ್ರಿ, ಶಟರ್ ಪರದಿಗೆ ಬೆರಳ ಹಚ್ಚಬ್ಯಾಡ್ರಿ, ಗಾಳಿ ಡಬ್ಬಿ ಊದಬ್ಯಾಡ್ರಿ.

ಲೆನ್ಸ್ ತುಸು ತಿರುವಿದ್ರ ರೀಡಿಂಗ್ ಬರತೈತಿ ಹೋಗತೈತಿ, ಕ್ಯಾನನ್ನಿನ್ಯಾಗ ಎರರ್ 01 ಬರತೈತಿ ಅಂದ್ರ ಲೆನ್ಸಿನ ಬಂಗಾರ ಬಣ್ಣದ ಚುಕ್ಕಿ ಹೊಲಸಾಗ್ಯಾವ. ಒಣ ಮೆತ್ತನ್ನ ಅರಿವಿಲೆ ಒರಸ್ರಿ, ಉಸುಕಿನ ಕಾಗದ ಬ್ಯಾಡ.

ಬಿಸಿಲಾಗ ಒಂದು ಕೊನಿ ಪರೀಕ್ಷಾ ಐತಿ. ನೇರ ಬಿಸಿಲು ಬಿದ್ದ ಸಾಮಾನ್ಯ ದೃಶ್ಯಕ್ಕ ಐಎಸ್‌ಓ 100, ಎಫ್/16, ಶಟರ್ 1/100, ಮೀಟರ್ ಇಲ್ಲದ ಕಾಲದಿಂದ ಬಂದ ಲೆಕ್ಕಾ. ಸೂರ್ಯ ಬೆನ್ನಿಗೆ ಇಟಗೊಂಡು ಇದರ ಪ್ರಕಾರ ಫೋಟೋ ಸರಿ ಬಂದು, ಮೀಟರ್ ಮಾತ್ರ ಎಲ್ಲಾ ಲೆನ್ಸಿನ್ಯಾಗೂ ಎಲ್ಲಾ ಮೋಡಿನ್ಯಾಗೂ ಒಂದು ಸ್ಟಾಪಿಗಿಂತ ಹೆಚ್ಚು ದೂರ ಹೇಳಿದ್ರ ಮೀಟರ್ ಖರೇನ ತಪ್ಪೈತಿ. ಅರ್ಧ ಸ್ಟಾಪಿನ ಒಳಗಿನ ಫರಕಿಗೆ ರಿಪೇರಿ ಬ್ಯಾಡ, ಕಾಂಪೆನ್ಸೇಶನ್ ಸಾಕು.

ಅಜ್ಜನ ಕಾಲದ ಫಿಲ್ಮ್ ಕ್ಯಾಮೆರಾ ಮೀಟರ್ ಸುಳ್ಳ ಹೇಳತೈತಿ

ಹಳೇವು ಭಾಳಷ್ಟು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಮಾಡಿದ್ದು, ಅವು ಈಗ ಮಾರಾಟಕ್ಕಿಲ್ಲ. ಅದರ ಬದಲಿ 1.5 ವೋಲ್ಟಿನ ಅಲ್ಕಲೈನ್ ಹಾಕಿದ್ರ ಕೆಲವು ಮಾಡೆಲಿನ್ಯಾಗ ರೀಡಿಂಗ್ ತಪ್ಪತೈತಿ. ಕಿವಿ ಮಶಿನಿಗೆ ಹಾಕೋ 1.4 ವೋಲ್ಟಿನ ಜಿಂಕ್-ಏರ್ ಸೆಲ್ ಹತ್ತರ ಹೊಂದತೈತಿ. ಬ್ಯಾಟರಿನ ಇಲ್ಲದ ಸೆಲೆನಿಯಂ ಮೀಟರ್ ಇದ್ರ ಆ ಸೆಲ್ಲು ವಯಸ್ಸಾಗಿ ಸೋತಿರತೈತಿ, ಮೊಬೈಲಿನ ಲೈಟ್ ಮೀಟರ್ ಆ್ಯಪ್ ನೋಡಿ ತಗಿಯೋದ ಚಲೋ. ಬ್ಯಾಟರಿ ಮನಿಯಾಗ ಹಸರು ಇಲ್ಲಾ ಬಿಳಿ ಪುಡಿ ಕಂಡ್ರ ಬರಿಗೈಲೆ ಮುಟ್ಟಬ್ಯಾಡ್ರಿ, ಹಳೇ ಪಾದರಸದ ಸೆಲ್ಲು ಸಿಕ್ಕರ ಕಸದಾಗ ಒಗಿಬ್ಯಾಡ್ರಿ, ಇ-ವೇಸ್ಟ್ ತಗೊಳ್ಳಾವರಿಗೆ ಕೊಡ್ರಿ.

ಸರ್ವಿಸ್ಸಿಗೆ ಕೊಡೋ ಮುಂದ

ಬರೇ "ಫೋಟೋ ಸರಿ ಬರವಲ್ದು" ಅಂದ್ರ ಅಲ್ಲಿನವರೂ ಮೊದಲಿಂದ ಹುಡುಕಬೇಕು, ದಿನಾನೂ ಹೋಗತಾವ ರೊಕ್ಕಾನೂ ಹೋಗತೈತಿ. ಗ್ವಾಡಿ ಪರೀಕ್ಷಾದ ಫೋಟೋಗಳನ್ನ ಎಡಿಟ್ ಮಾಡದ ಹಂಗ ಪೆನ್‌ಡ್ರೈವಿನ್ಯಾಗ ಹಾಕಿ ಕೊಡ್ರಿ, ಅಂಕಿ ಎಲ್ಲಾ ಫೈಲ್ ಒಳಗ ಬರದಿರತಾವ. ಯಾವ ಲೆನ್ಸಿನ್ಯಾಗ ಆಗತೈತಿ ಯಾವುದರಾಗ ಆಗಂಗಿಲ್ಲ ಅನ್ನೋದನ್ನ ಚೀಟಿ ಮ್ಯಾಲೆ ಬರೀರಿ. ಮೆಮರಿ ಕಾರ್ಡ್, ಬೆಲ್ಟು, ಫಿಲ್ಟರ್ ತಗದು ಮನ್ಯಾಗ ಇಡ್ರಿ, ಬಾಡಿ ನಂಬರ್ ಬರದಿಟಗೊಂಡು ರಸೀದಿ ಮ್ಯಾಲೂ ಬರಸ್ರಿ. ಬಿಚ್ಚೋಕ್ಕಿಂತ ಮೊದಲ ಎಸ್ಟಿಮೇಟ್ ಕೇಳ್ರಿ, ಹಳೇ ಬಾಡಿಗೆ ಶಟರ್ ಬದಲ ಮಾಡೋ ಖರ್ಚು ಅದ ಮಾಡೆಲಿನ ಸೆಕೆಂಡ್ ಹ್ಯಾಂಡ್ ರೇಟಿನ ಹತ್ರ ಬಂದ್ರ ರಿಪೇರಿ ಬ್ಯಾಡ ಅನ್ನಾವ ನಾನು. ಲೆನ್ಸಿನ ಅಪರ್ಚರ್ ಎಲಿ ಕೆಲಸ ಇದ್ರ ಮಾಡಸ್ರಿ, ಚಲೋ ಗ್ಲಾಸಿಗೆ ಹಾಕಿದ ರೊಕ್ಕ ಹೊಳ್ಳಿ ಬರತೈತಿ.